ಗೋದಾಮು ಕಾವಲಿನ ಬಂದೂಕು

ಆ ಬಂದೂಕು ನನ್ನ ಮೇಜಿಗೆ ಬಂದಾಗ ಅದಕ್ಕೆ ಗೋಣಿತಟ್ಟು ಸುತ್ತಿ, ಹುರಿಯಿಂದ ಬಿಗಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದ್ದರು. ತಂದ ಪೇದೆ ಅದನ್ನು ಇಳಿಸಿದ ರೀತಿಯಲ್ಲೇ ಗೊತ್ತಾಯಿತು, ಇದು ರಿಪೇರಿಗೆ ಬಂದದ್ದಲ್ಲ. ರಿಪೇರಿಗೆ ತಂದದ್ದನ್ನು ಸೌದೆ ಹಾಕಿದ ಹಾಗೆ ಹಾಕಿ ಹೋಗುತ್ತಾರೆ. ಇವನು ಎರಡೂ ಕೈಯಲ್ಲಿ ಮೆಲ್ಲಗೆ ಇಟ್ಟು, ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ.

ಯುದ್ಧ ಇನ್ನೂ ಮುಗಿದಿರಲಿಲ್ಲ. ಕೋಲಾರದಲ್ಲಿ ಪೊಲೀಸರ ಬಂದೂಕುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ನಾನೊಬ್ಬನೇ ಇದ್ದೆ. ಠಾಣೆಗಳಲ್ಲಿ ಇದ್ದವೆಲ್ಲ ಹಿಂದಿನ ಯುದ್ಧದಲ್ಲಿ ಸಿಪಾಯಿಗಳು ಹೊತ್ತು ಸವೆಸಿ ಬಿಟ್ಟ, ಗುಂಡಿಗೊಮ್ಮೆ ಬೋಲ್ಟ್ ಎಂಬ ಚಿಲಕ ಎಳೆದು ಮುಚ್ಚುವ ಬಂದೂಕುಗಳು. ಒಳ್ಳೆಯವೆಲ್ಲ ಸೈನ್ಯದ ಪಾಲಾಗಿ ಈ ಮುದುಕರು ನಮ್ಮ ಪಾಲಿಗೆ ಉಳಿದಿದ್ದರು.

ನಡೆದದ್ದು ಶ್ರೀನಿವಾಸಪುರದ ಹೊರಗೆ, ಸರ್ಕಾರ ರೈತರಿಂದ ವಸೂಲು ಮಾಡಿದ ಲೆವಿ ರಾಗಿ ತುಂಬಿಡಲು ಎಬ್ಬಿಸಿದ್ದ ಒಂದು ತಗಡಿನ ಗೋದಾಮಿನಲ್ಲಿ. ಕಾಳಿಗಾಗಿ ಜನ ಪರದಾಡುತ್ತಿದ್ದ ದಿನಗಳು. ಗೋದಾಮಿನ ಮುಂದೆ ಒಮ್ಮೆ ಗಲಾಟೆಯಾದ ಮೇಲೆ ಅಲ್ಲಿಗೆ ಒಬ್ಬ ದಫೇದಾರನನ್ನೂ ಇಬ್ಬರು ಪೇದೆಗಳನ್ನೂ ಹಾಕಿದ್ದರು. ಪೇದೆಗಳಲ್ಲಿ ಒಬ್ಬ ವೇಮಗಲ್ ಕಡೆಯವನು, ಇನ್ನೊಬ್ಬ ಕುರುಡುಮಲೆಯವನು. ಇಬ್ಬರಿಗೂ ಸೇರಿ ಒಂದೇ ಬಂದೂಕು. ಪಾಳಿ ಬದಲಾದಾಗ ಬಂದೂಕೂ ಕೈ ಬದಲಾಗುತ್ತಿತ್ತು.

ಆ ದಿನ ಮಧ್ಯಾಹ್ನ ಕುರುಡುಮಲೆಯವನು ಪಾಳಿ ಮುಗಿಸಿ, ತೋಟಾ ತೆಗೆದು, ಬಂದೂಕನ್ನು ವೇಮಗಲ್ಲಿನವನ ಕೈಗೆ ಕೊಟ್ಟ. ಆಮೇಲೆ ಗೋದಾಮಿನ ಜಗಲಿಯ ಅಂಚಿಗೆ ಕೂತು ಕಾಲುಪಟ್ಟಿ ಬಿಚ್ಚತೊಡಗಿದ. ವೇಮಗಲ್ಲಿನವನು ಕೆಳಗೆ ಚಪ್ಪಡಿಯ ಮೇಲೆ ನಿಂತು ತೋಟಾ ತುಂಬಿ ಬೋಲ್ಟ್ ಮುಚ್ಚಿದ. ಗುಂಡು ಹಾರಿತು. ಜಗಲಿಯ ಮೇಲಿದ್ದವನ ಗದ್ದದ ಕೆಳಗೆ ಹೊಕ್ಕಿತು.

ಇಬ್ಬರೂ ಒಂದೇ ಮಡಕೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದವರು. ಆದರೆ ಅಂದು ಬೆಳಿಗ್ಗೆ ರಜೆಯ ವಿಷಯಕ್ಕೆ ಅವರಲ್ಲಿ ಮಾತಿಗೆ ಮಾತು ಬೆಳೆದಿತ್ತು. ಕುರುಡುಮಲೆಯವನಿಗೆ ರಜೆ ಸಿಕ್ಕಿತ್ತು; ತಾಯಿ ಹಾಸಿಗೆ ಹಿಡಿದಿದ್ದ ವೇಮಗಲ್ಲಿನವನಿಗೆ ಸಿಕ್ಕಿರಲಿಲ್ಲ. ನಿನ್ನ ನೋಡ್ಕೋತೀನಿ ಎಂದು ಅವನು ಅಂದದ್ದನ್ನು ಮೂಟೆ ಹೊರುವವರು ಕೇಳಿಸಿಕೊಂಡಿದ್ದರು. ಕೊಲೆ ಎಂದು ಕೇಸಾಯಿತು. ತಾನು ಟ್ರಿಗರ್ ಮುಟ್ಟಲೇ ಇಲ್ಲ ಎನ್ನುವುದು ಅವನ ಒಂದೇ ಮಾತು. ಅದು ನಿಜವೋ ಸುಳ್ಳೋ ಎಂದು ಹೇಳುವ ಕೆಲಸ ನನ್ನದು.

ಸಾಕ್ಷಿಯ ಬಂದೂಕನ್ನು ಮೊದಲು ಬಿಚ್ಚುವಂತಿಲ್ಲ. ಬಂದ ಹಾಗೆಯೇ ಪರೀಕ್ಷಿಸಿ ಬರೆಯಬೇಕು. ಇನ್ಸ್‌ಪೆಕ್ಟರ್ ಸಾಹೇಬರ ಎದುರಿಗೆ ಮುದ್ರೆ ಒಡೆದೆ. ನಳಿಗೆಯಲ್ಲಿ ಒಂದೇ ಹೊಡೆತದ ಮಸಿ ಇತ್ತು. ಬೋಲ್ಟಿನ ತಲೆ ಸವೆದಿದ್ದರೂ ಮಿತಿಯೊಳಗಿತ್ತು. ಸ್ಪ್ರಿಂಗಿಗೆ ಜೀವ ಇತ್ತು.

ಈ ಬಂದೂಕುಗಳ ಕೆಲಸ ಇಷ್ಟೇ. ಬೋಲ್ಟ್ ಮುಚ್ಚಿದಾಗ, ತೋಟಾವನ್ನು ಚುಚ್ಚುವ ಸೂಜಿ ಹಿಂದಕ್ಕೆ ಎಳೆದುಕೊಂಡು ಒಂದು ಉಕ್ಕಿನ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಕೆಳಗಿಳಿಯುತ್ತದೆ, ಸೂಜಿ ಮುಂದಕ್ಕೆ ಹಾರುತ್ತದೆ. ಎಳೆತಕ್ಕೆ ಎರಡು ಹಂತ. ಮೊದಲನೆಯದು ಉದ್ದ ಮತ್ತು ಹಗುರ. ಎರಡನೆಯದು ಗಿಡ್ಡ ಮತ್ತು ಬಿಗಿ. ಮೊದಲ ಹಂತ ಇದೆ ಎಂದರೆ ಕೊಕ್ಕೆ ಪೂರ್ತಿ ಕಚ್ಚಿಕೊಂಡಿದೆ ಎಂದು ಅರ್ಥ.

ಟ್ರಿಗರಿಗೆ ತೂಕ ಕಟ್ಟಿ ನೋಡಿದೆ. ಎರಡೂ ಹಂತ ಇದ್ದವು. ಮೊದಲನೆಯದು ತುಸು ಗಿಡ್ಡ ಅನ್ನಿಸಿತು. ಹಳೆಯದಲ್ಲವೇ ಎಂದು ಸುಮ್ಮನಾದೆ. ಆಮೇಲೆ ಖಾಲಿ ಬಂದೂಕಿನ ಬೋಲ್ಟ್ ಎಳೆದು ಮುಚ್ಚಿ, ಒಂದಡಿ ಮೇಲಿನಿಂದ ಅದರ ಬುಡವನ್ನು ಕಲ್ಲಿನ ಮೇಲೆ ಕುಟ್ಟಿದೆ. ಕೊಕ್ಕೆ ಸಡಿಲವಿದ್ದರೆ ಈ ಕುಟ್ಟಿಗೆ ಸೂಜಿ ಬಿದ್ದು ಟಕ್ ಎನ್ನಬೇಕು. ಇಪ್ಪತ್ತು ಸಲ ಕುಟ್ಟಿದೆ. ಒಂದು ಸಲವೂ ಬೀಳಲಿಲ್ಲ.

ಸಾಹೇಬರು ಟೋಪಿ ಎತ್ತಿಕೊಂಡರು. ಹಾಗಾದರೆ ಎಳೆದಿದ್ದಾನೆ ಎಂದರು. ಅವರ ದನಿಯಲ್ಲಿ ಖುಷಿಯೇನೂ ಇರಲಿಲ್ಲ.

ದೋಷವಿಲ್ಲ ಎಂದು ಕರಡು ಬರೆದೆ. ಸಹಿ ಹಾಕಲು ಕೂತಾಗ ಕೈ ಮುಂದೆ ಹೋಗಲಿಲ್ಲ. ಇಪ್ಪತ್ತು ಸಲ ಕುಟ್ಟಿದ್ದು ಒಬ್ಬನ ಕೊರಳಿಗೆ ಹಗ್ಗ ಆಗುತ್ತದೆ. ಆ ಮೊದಲ ಹಂತ ಯಾಕೆ ಗಿಡ್ಡ ಇತ್ತು ಎಂಬುದನ್ನು ನಾನು ಕೇಳಿಕೊಂಡಿರಲಿಲ್ಲ. ಮಾರನೆಯ ದಿನ ಸಾಹೇಬರ ಅಪ್ಪಣೆ ಪಡೆದು ಜೈಲಿಗೆ ಹೋದೆ.

ವೇಮಗಲ್ಲಿನ ಪೇದೆ ಗೋಡೆಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಇಪ್ಪತ್ತೈದರ ಒಳಗಿನ ವಯಸ್ಸು. ಗಡ್ಡ ಬೆಳೆದಿತ್ತು. ಬೇರೆ ಏನೂ ಬೇಡ, ಆ ಬಂದೂಕು ನಿನ್ನ ಕೈಯಲ್ಲಿ ಹೇಗಿತ್ತು ಅಷ್ಟು ಹೇಳು ಎಂದೆ. ಅವನು ಹೇಳಿದ.

“ಚಳಿಗಾಲದಾಗೆ ಚೆನ್ನಾಗೇ ಇತ್ತು ಮೇಸ್ತ್ರಿಗಳೇ. ಶಿವರಾತ್ರಿ ಕಳೆದ್ಮೇಲೆ ಕೆಳಗಿನ ಕಬ್ಬಿಣ ಗಡಗಡ ಅಂತಿತ್ತು. ದಫೇದಾರ್ರು ಸ್ಕ್ರೂ ಬಿಗಿ ಮಾಡಿಕೊಟ್ರು. ಆಮ್ಯಾಕೆ ಟ್ರಿಗರ್ ಹಗುರ ಆಯ್ತು. ಮಧ್ಯಾಹ್ನದ ಹೊತ್ತು ಇನ್ನೂ ಹಗುರ.”

ಆ ದಿನ ಏನು ಮಾಡಿದೆ ಎಂದು ಕೇಳಿದೆ. ಬೋಲ್ಟ್ ಮುಚ್ಚಿದ್ದ. ಸೇಫ್ಟಿ ಹಾಕುವ ಮೊದಲು ಸೊಂಟದ ಪಟ್ಟಿ ಸರಿ ಮಾಡಿಕೊಳ್ಳಲು ಬಂದೂಕಿನ ಬುಡವನ್ನು ಚಪ್ಪಡಿಗೆ ಊರಿದ್ದ. ಅಷ್ಟೇ. ಸೇಫ್ಟಿ ಹಾಕಿದ್ದರೆ ಹಾರುತ್ತಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಧ್ಯಾಹ್ನದ ಹೊತ್ತು ಇನ್ನೂ ಹಗುರ. ವಾಪಸು ಬರುವಾಗ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ನಮ್ಮ ಆಯುಧದ ಕೋಣೆ ದಪ್ಪ ಕಲ್ಲುಗೋಡೆಯದು, ಸದಾ ತಂಪು. ಬಂದೂಕು ಮುದ್ರೆಯೊಳಗೆ ಇದ್ದ ವಾರಗಳಲ್ಲಿ ಎರಡು ದೊಡ್ಡ ಮುಂಗಾರು ಮಳೆ ಬಿದ್ದಿದ್ದವು. ಉಕ್ಕು ತೇವಕ್ಕೂ ಬಿಸಿಲಿಗೂ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬದಲಾಗುವುದು ಮರ. ಟ್ರಿಗರ್ ತೂಗಿಕೊಂಡಿರುವುದು ಕೆಳಗಿನ ಕಬ್ಬಿಣದ ಕಾಪಿನಲ್ಲಿ. ಆ ಕಾಪು ನಿಂತಿರುವುದು ನಳಿಗೆಯ ಕೆಳಗಿನ ಮರಕ್ಕೆ ಆತುಕೊಂಡು.

ಬಂದೂಕನ್ನು ಅದು ಇದ್ದ ಜಾಗದಲ್ಲೇ ಪರೀಕ್ಷಿಸಬೇಕು ಎಂದು ಸಾಹೇಬರನ್ನು ಕೇಳಿಕೊಂಡೆ. ಅವರು ನನ್ನ ಮುಖ ನೋಡಿ, ನಿಮ್ಮ ವರದಿ ಆಗಲೇ ಬರೆದಾಗಿತ್ತಲ್ಲ ಎಂದರು. ಸಹಿ ಆಗಿಲ್ಲ ಎಂದೆ.

ಪೆಟ್ರೋಲ್ ಸಿಗದೆ ಇದ್ದಿಲು ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೋದೆವು. ಏರು ಬಂದಲ್ಲೆಲ್ಲ ಜನ ಇಳಿದು ನಡೆಯಬೇಕಿತ್ತು. ನಾನು ಬಂದೂಕನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮಳೆ ಬಿಟ್ಟು ಬಿಸಿಲು ಮತ್ತೆ ಕಾದಿತ್ತು. ಗೋದಾಮಿನ ಪಕ್ಕದ ತಗಡಿನ ಕಾವಲು ಕೋಣೆಯಲ್ಲಿ, ಪೇದೆಗಳು ಇಡುತ್ತಿದ್ದ ಮೊಳೆಗೇ ಅದನ್ನು ತೂಗುಹಾಕಿ, ಬಾಗಿಲಿಗೆ ಬೀಗ ಹಾಕಿಸಿದೆ. ಜಗಲಿಯ ಅಂಚನ್ನು ತೊಳೆದಿದ್ದರೂ ಕಲ್ಲಿನ ಬಣ್ಣ ಅಲ್ಲಿ ಮಾತ್ರ ಬೇರೆ ಇತ್ತು. ಮೂಟೆಯವರು ಅದನ್ನು ದಾಟದೆ ಸುತ್ತಿ ಹೋಗುತ್ತಿದ್ದರು.

ಮೊದಲ ದಿನ ಮಧ್ಯಾಹ್ನ ಹತ್ತು ಸಲ ಕುಟ್ಟಿದೆ. ಏನೂ ಆಗಲಿಲ್ಲ. ಎರಡನೆಯ ದಿನವೂ ಇಲ್ಲ. ಆದರೆ ಮೊದಲ ಹಂತದ ಎಳೆತ ಅರ್ಧಕ್ಕೆ ಇಳಿದಿತ್ತು. ಮೂರನೆಯ ದಿನ ಒಳಗೆ ಹೋದಾಗ ನಳಿಗೆ ಮುಟ್ಟಲಾಗದಷ್ಟು ಕಾದಿತ್ತು. ಟ್ರಿಗರಿನ ಮೇಲೆ ಬೆರಳಿಟ್ಟು ನೋಡಿದೆ. ಮೊದಲ ಹಂತ ಇರಲೇ ಇಲ್ಲ. ಸಾಹೇಬರನ್ನೂ ದಫೇದಾರನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಚಪ್ಪಡಿಯ ಮೇಲೆಯೇ ಕುಟ್ಟಿದೆ. ನಾಲ್ಕನೆಯ ಕುಟ್ಟಿಗೆ ಟಕ್ ಎಂದಿತು.

ಮತ್ತೆ ಬೋಲ್ಟ್ ಎಳೆದು ಕುಟ್ಟಿದೆ. ಎರಡನೆಯದಕ್ಕೇ ಬಿತ್ತು. ಸಾಹೇಬರು ತಾವೇ ಕೈಗೆ ತೆಗೆದುಕೊಂಡು ಮಾಡಿದರು. ಅವರ ಕೈಯಲ್ಲೂ ಬಿತ್ತು.

ಬಿಚ್ಚಲು ಅಪ್ಪಣೆ ಕೊಟ್ಟರು. ಬಂದೂಕನ್ನು ಗೋಣಿಯ ಮೇಲೆ ಮಗುಚಿ ಹಾಕಿ ಕಾಪಿನ ಮುಂದಿನ ಸ್ಕ್ರೂ ತಿರುಗಿಸಿದೆ. ಈ ಸ್ಕ್ರೂ ಮರದೊಳಗೆ ಹಾದು ಹೋಗುವಲ್ಲಿ ಅದರ ಸುತ್ತ ಒಂದು ಉಕ್ಕಿನ ಬಳೆ ಇರಬೇಕು, ಕಾಲರ್ ಎನ್ನುತ್ತೇವೆ. ಮರ ಒಣಗಲಿ, ಉಬ್ಬಲಿ, ಸ್ಕ್ರೂವನ್ನು ಎಷ್ಟೇ ಬಿಗಿ ಮಾಡಲಿ, ಕಾಪು ಅದಕ್ಕಿಂತ ಮೇಲೆ ಏರದಂತೆ ತಡೆಯುವುದು ಆ ಕಾಲರ್. ಅದಿಲ್ಲದಿದ್ದರೆ ಕಾಪು ಮೇಲಕ್ಕೆ ಸರಿದು, ಅದರಲ್ಲಿರುವ ಟ್ರಿಗರ್ ಯಾರೂ ಮುಟ್ಟದೆಯೇ ಕೊಕ್ಕೆಯನ್ನು ಅರ್ಧ ಇಳಿಸಿಬಿಡುತ್ತದೆ.

ಸ್ಕ್ರೂ ಈಚೆ ಬಂತು. ಕಾಲರ್ ಇರಲಿಲ್ಲ. ಅದು ಇರಬೇಕಾದ ತೂತಿನಿಂದ ಕಂದು ಬಣ್ಣದ ಪುಡಿ ಗೋಣಿಯ ಮೇಲೆ ಉದುರಿತು. ಪುಡಿಯ ಜೊತೆ ಉಗುರಿನಷ್ಟು ಒಂದು ಚೂರು. ಎಮ್ಮೆ ತೊಗಲು.

ಅದನ್ನು ಅಂಗೈಗೆ ಹಾಕಿಕೊಂಡಾಗಲೇ ನನಗೆ ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತುಕ್ಕು ಹಿಡಿದು ಬಂದ ಕೆಲವು ಬಂದೂಕುಗಳಲ್ಲಿ ಈ ಬಳೆಗಳು ತಿಂದುಹೋಗಿದ್ದವು. ಬಿಡಿಭಾಗ ಬೇಕೆಂದು ಬರೆದೆ. ಯುದ್ಧ ಮುಗಿಯುವ ತನಕ ಸಿಗುವುದಿಲ್ಲ ಎಂದು ಉತ್ತರ ಬಂತು. ಠಾಣೆಗಳಿಂದ ದಿನಾ ತಗಾದೆ. ಮೆಟ್ಟು ಹೊಲಿಯುವವನ ಹತ್ತಿರ ದಪ್ಪ ತೊಗಲು ತಂದು, ಬಳೆಯ ಹಾಗೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಬಡಿದು ಕೂರಿಸಿದೆ. ಕಾಲರ್ ಬಂದಾಗ ಬದಲಾಯಿಸಿದರಾಯಿತು ಎಂದುಕೊಂಡಿದ್ದೆ. ಅಂದು ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ರಿಪೇರಿ ಪುಸ್ತಕದಲ್ಲಿ ತೊಗಲಿನ ಮಾತು ಬರೆಯಲಿಲ್ಲ. ರಿಪೇರಿ ಆಯಿತು, ಸೇವೆಗೆ ಯೋಗ್ಯ ಎಂದು ಬರೆದು ಸಹಿ ಹಾಕಿದ್ದೆ. ಆಮೇಲೆ ಮರೆತೆ.

ದಫೇದಾರ ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. “ನಾನು ಸ್ಕ್ರೂ ಬಿಗಿ ಮಾಡಿದ್ದು ನಿಜ ಕಣಪ್ಪಾ,” ಎಂದ. “ಗಡಗಡ ಅಂತಿತ್ತು, ಅದ್ಕೇ ಮಾಡ್ದೆ. ಒಳ್ಗಡೆ ಏನೈತೆ ಅಂತ ನಂಗೇನು ಗೊತ್ತು?”

ಸಾಹೇಬರು ಹುಣಸೆ ಮರದ ನೆರಳಿಗೆ ನನ್ನನ್ನು ಕರೆದುಕೊಂಡು ಹೋದರು. ತೊಗಲಿನ ಚೂರನ್ನು ನೋಡಿದರು. ಯಾರದು ಎಂದು ಕೇಳಲಿಲ್ಲ. ಹಳೆಯ ಮನುಷ್ಯ, ಅರ್ಥವಾಗಿತ್ತು.

“ಕಾಲರ್ ಇರ್ಲಿಲ್ಲ ಅಂತ ಬರೀರಿ. ಅಷ್ಟು ಸಾಕು, ಹುಡುಗನ ಜೀವ ಉಳಿಯುತ್ತೆ,” ಎಂದರು. “ಅದು ಯಾವಾಗ ಹೋಯ್ತೋ, ಯಾರು ಬಿಚ್ಚಿದ್ರೋ, ಅದು ನಿಮಗ್ಯಾಕೆ?”

ನಾನು ಬಿಚ್ಚಿಲ್ಲ ಎಂದಾದರೆ ಬಿಚ್ಚಿದವನು ಯಾರು? ಸ್ಕ್ರೂಗೆ ಕೈ ಹಾಕಿದ್ದೆನೆಂದು ತಾನೇ ಒಪ್ಪಿಕೊಂಡ ಮನುಷ್ಯ ಹತ್ತು ಮಾರು ದೂರದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ನಾನು ಸತ್ಯವಂತ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ನೆರಳಲ್ಲಿ ಬಹಳ ಹೊತ್ತು ನಿಂತೆ. ಅಂಗೈಯ ಪುಡಿ ಬೆವರಿಗೆ ಅಂಟಿಕೊಂಡಿತ್ತು. ಒರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ಮನೆಯಲ್ಲಿ ಹೆಂಡತಿ, ಮೂವರು ಮಕ್ಕಳು, ಇದೊಂದು ಕೆಲಸ. ಇದೆಲ್ಲ ಸಾಲಾಗಿ ಕಣ್ಣ ಮುಂದೆ ಬಂತು. ನಿಜವಾಗಿ ನನ್ನನ್ನು ತಡೆದದ್ದು ಬೇರೆಯೇ ಒಂದು ವಿಷಯ. ತೊಗಲು ಹಾಕಿದ್ದು ಈ ಒಂದಕ್ಕೇ ಅಲ್ಲ. ಇನ್ನೂ ನಾಲ್ಕು ಬಂದೂಕುಗಳಿದ್ದವು. ಯಾರದೋ ಕೈಯಲ್ಲಿ, ಯಾವುದೋ ಬಿಸಿಲಲ್ಲಿ, ಅವೂ ಒಣಗುತ್ತಿದ್ದವು. ಅವನ್ನು ವಾಪಸು ಕರೆಸಬೇಕಾದರೆ ಯಾಕೆಂದು ಹೇಳಲೇಬೇಕು.

ಹೇಳಿದೆ. ಸಾಹೇಬರು ಕಣ್ಣು ಮುಚ್ಚಿ ತೆರೆದರು. ಕಾಗದ ತರಿಸಿದರು. ಗೋದಾಮಿನ ತೂಕದ ಮೇಜಿನ ಮೇಲೆ ಕೂತು ಬರೆದೆ. ಉಕ್ಕಿನ ಕಾಲರಿನ ಬದಲು ತೊಗಲು ಹಾಕಿದವನು ನಾನು, ಅದನ್ನು ಪುಸ್ತಕದಲ್ಲಿ ಮುಚ್ಚಿಟ್ಟವನೂ ನಾನು ಎಂದು ಬರೆದು ಸಹಿ ಹಾಕಿದೆ. ತೊಗಲಿನ ಚೂರನ್ನು ಕಾಗದದಲ್ಲಿ ಮಡಚಿ ಮುದ್ರೆ ಒತ್ತಿಸಿದೆ.

ಆ ನಾಲ್ಕು ಬಂದೂಕುಗಳು ಎಲ್ಲಿವೆ ಎಂದು ಪುಸ್ತಕ ಹೇಳುತ್ತಿರಲಿಲ್ಲ. ನೆನಪಿನಿಂದಲೇ ಹುಡುಕಬೇಕಾಯಿತು. ಒಂದು ನಮ್ಮ ಕೋಣೆಯಲ್ಲೇ ಇತ್ತು. ಎರಡು ಮಾಲೂರಿನಲ್ಲಿ ಸಿಕ್ಕವು. ಅವುಗಳಲ್ಲಿ ಒಂದರ ತೊಗಲು ಕೈ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಅದನ್ನು ಹೊತ್ತ ಪೇದೆ ಅಂದು ಬೆಳಿಗ್ಗೆ ತಾನೇ ಸಂತೆಯ ಬಂದೋಬಸ್ತಿನಿಂದ ಬಂದಿದ್ದ. ಹೊಸ ಕಾಲರುಗಳನ್ನು ನಾನೇ ಮಾಡಿದೆ. ಗಟ್ಟಿ ಉಕ್ಕಿನ ಕೊಳವೆಯೊಂದನ್ನು ಕತ್ತರಿಸಿ, ಲೇತಿಗೆ ಕಟ್ಟಿ, ಸರಿಯಾದ ಬಂದೂಕಿನಿಂದ ಬಿಚ್ಚಿದ ಕಾಲರ್ ಪಕ್ಕಕ್ಕಿಟ್ಟು, ಎರಡರ ನಡುವೆ ತೆಳು ಕಾಗದವೂ ಹಿಡಿಯದಷ್ಟು ಸಮವಾಗುವ ತನಕ ಅರ ಹಾಕಿದೆ. ಒಂದಕ್ಕೆ ಅರ್ಧ ದಿನ ಹಿಡಿಯಿತು. ಇದೇ ಕೆಲಸವನ್ನು ಎರಡು ವರ್ಷದ ಹಿಂದೆಯೂ ಮಾಡಬಹುದಿತ್ತು. ಅಂದು ಆ ಅರ್ಧ ದಿನ ನನ್ನ ಹತ್ತಿರ ಇರಲಿಲ್ಲ ಎಂದುಕೊಂಡಿದ್ದೆ.

ಕೊನೆಯದು ಮುಳಬಾಗಿಲಿನಲ್ಲಿತ್ತು. ಅದರ ಕೆಲಸ ಮುಗಿಸಿ ಠಾಣೆಯ ಜಗಲಿಗೆ ಬಂದಾಗ ಒಬ್ಬ ಮುದುಕ ಕಂಬ ಹಿಡಿದು ನಿಂತಿದ್ದ. ಸತ್ತ ಪೇದೆಯ ತಂದೆ. ಕೋಲಾರದಿಂದ ಬಂದೂಕಿನ ಮೇಸ್ತ್ರಿ ಬಂದಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ಕುರುಡುಮಲೆಯಿಂದ ನಡೆದು ಬಂದಿದ್ದ.

“ಆ ಹುಡ್ಗ ಬೇಕಂತ ಮಾಡ್ಲಿಲ್ವಂತೆ, ನಿಜವಾ ನಾಯನಾ?” ಎಂದು ಕೇಳಿದ.

ನಿಜ ಎಂದೆ. ಮುದುಕ ಕಂಬಕ್ಕೆ ಒರಗಿಯೇ ಕೆಳಗೆ ಜಾರಿ ಕೂತ. ಆ ಹುಡುಗ ಹಬ್ಬಕ್ಕೆ ತಮ್ಮ ಮನೆಗೆ ಬರುತ್ತಿದ್ದ, ತನ್ನ ಹೆಂಡತಿಯನ್ನು ಅಮ್ಮಾ ಎನ್ನುತ್ತಿದ್ದ, ಅವನ ಹೆಸರು ಹಿಡಿದು ಈ ಎರಡು ತಿಂಗಳು ಆಕೆ ದಿನಾ ಮಣ್ಣು ತೂರಿ ಶಾಪ ಹಾಕಿದಳು ಎಂದು ಹೇಳಿದ. ಆ ಶಾಪವನ್ನು ಈಗ ವಾಪಸು ತಗೊಳ್ಳೋದು ಹೆಂಗೆ ಎಂದು ನನ್ನನ್ನೇ ಕೇಳಿದ. ಆಮೇಲೆ ತಲೆ ಎತ್ತಿ, “ಮತ್ತೆ ಯಾರು ಮಾಡಿದ್ದು?” ಎಂದ.

ತೊಗಲು, ಕಾಲರ್, ಬಿಸಿಲು ಎಂದು ಹೇಳಲು ಶುರು ಮಾಡಿ ನಿಲ್ಲಿಸಿದೆ. ಕೈಕೆಲಸದಲ್ಲಿ ತಪ್ಪಿದವನು ನಾನು ಎಂದೆ. ಅವನು ನನ್ನ ಕೈಗಳನ್ನು ನೋಡಿದ. ಬಯ್ಯಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಊರಿನ ದಾರಿ ಹಿಡಿದ. ಅವನು ಬಯ್ದಿದ್ದರೆ ಚೆನ್ನಾಗಿತ್ತು.

ಕೊಲೆಯ ಆಪಾದನೆ ಬಿದ್ದುಹೋಯಿತು. ಸೇಫ್ಟಿ ಹಾಕದ ನಿರ್ಲಕ್ಷ್ಯಕ್ಕೆ ವೇಮಗಲ್ಲಿನವನನ್ನು ಕೆಲಸದಿಂದ ತೆಗೆದರು. ಅವನು ಜೈಲಿನಲ್ಲಿದ್ದಾಗಲೇ ಅವನ ತಾಯಿ ತೀರಿಕೊಂಡಿದ್ದಳು, ಮಣ್ಣಿಗೂ ಕಳಿಸಿರಲಿಲ್ಲ. ನನ್ನನ್ನು ಬಂದೂಕಿನ ಕೆಲಸದಿಂದ ಬಿಡಿಸಿ, ಬೇಡಿ, ಬೀಗ, ಲಾಟೀನು ರಿಪೇರಿ ಮಾಡುವ ಮೂಲೆಗೆ ಹಾಕಿದರು. ನಾನು ಮಾಡಿದ್ದಕ್ಕೆ ಆ ಶಿಕ್ಷೆ ಕಡಿಮೆಯೇ ಆಯಿತು.

ವೇಮಗಲ್ಲಿನವನು ಸರ್ಕಾರಿ ಬಟ್ಟೆಬರೆ ಒಪ್ಪಿಸಲು ಬಂದ ದಿನ ಉಗ್ರಾಣದವರು ಇರಲಿಲ್ಲ; ತೆಗೆದುಕೊಳ್ಳಲು ನನಗೆ ಹೇಳಿದ್ದರು. ಒಗೆದು ಮಡಿಸಿದ ಎರಡು ಅಂಗಿ, ಚಡ್ಡಿ, ಪೇಟ, ಸೊಂಟದ ಪಟ್ಟಿ, ಕಾಲುಪಟ್ಟಿ. ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ವರದಿಯಲ್ಲಿ ನಾನು ಬರೆದದ್ದು ಅವನಿಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದಲೇ ಹೇಳಬೇಕು ಅನ್ನಿಸಿತು. ತಪ್ಪು ನನ್ನದು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.

ಅವನು ಕಾಲುಪಟ್ಟಿಯ ಸುರುಳಿಯನ್ನು ಸರಿ ಮಾಡುತ್ತಲೇ ಇದ್ದ.

“ಅದು ಯಾಕೆ ಹಾರ್ತು ಅಂತ ನೀವು ಬರೆದ್ರಿ ಮೇಸ್ತ್ರಿಗಳೇ. ಎಲ್ರೂ ಒಪ್ಪಿದ್ರು,” ಎಂದ. “ಬಂದೂಕಿನ ಮೂತಿ ಅವನ ಕಡೆಗೇ ಯಾಕಿತ್ತು ಅಂತ ಯಾರೂ ಕೇಳ್ಲಿಲ್ಲ. ಬೆಳಿಗ್ಗೆ ಜಗಳ ಆಡಿದ್ನಲ್ಲ. ನಂಗೂ ಗೊತ್ತಿಲ್ಲ.”

ಆ ಜಾಗದಲ್ಲಿ ನಿಂತರೆ ಮೂತಿ ಜಗಲಿಯ ಕಡೆಗೇ ಬರುತ್ತದೆ, ನಾನೇ ಅಲ್ಲಿ ಮೂರು ದಿನ ನಿಂತಿದ್ದೆ ಎಂದೆ. ಅವನು ತಲೆಯಾಡಿಸಿದ. ನಂಬಿದನೋ, ನನ್ನ ಸಮಾಧಾನಕ್ಕೆ ಆಡಿಸಿದನೋ ತಿಳಿಯಲಿಲ್ಲ. ಬಟ್ಟೆಗಳನ್ನೆಲ್ಲ ಎಣಿಸಿ, ಪಟ್ಟಿ ಬರೆದು, ಅವನ ಮುಂದಿಟ್ಟೆ. ಅವನು ಓದದೆಯೇ ಹೆಸರು ಬರೆದು ಬಿಸಿಲಿಗೆ ಇಳಿದ.